ಮೆತ್ತನೆಯ ಸ್ಪ್ರಿಂಗು

ನಮ್ಮ ಶಾಲೆಯ ಪಿ.ಟಿ. ಮೇಡಂ ಸೀಟಿ ಊದಿದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಕೇಳಲಿಲ್ಲ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು, ಅಷ್ಟೆ. ಹುಡುಗಿಯರನ್ನು ಕರೆಯಬೇಕಾದರೆ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ನಾನು ಪಾಠ ಮಾಡುತ್ತಿದ್ದ ಹತ್ತನೇ ಕ್ಲಾಸಿನ ಕೋಣೆಗೂ ಕೇಳಿಸುತ್ತಿತ್ತು. ಸೀಟಿ ಯಾಕೆ ಊದಲ್ಲ ಅಂತ ಒಮ್ಮೆ ಕೇಳಿದ್ದಕ್ಕೆ, "ಅದು ಟ್ರಾಫಿಕ್ ಪೊಲೀಸ್ನೋರಿಗೆ ಮೇಡಂ, ನಮ್ಮ ಮಕ್ಕಳು ಲಾರಿಗಳಾ?" ಅಂದಿದ್ದರು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ನಲವತ್ತನಾಲ್ಕು ವಯಸ್ಸು. ಸ್ಟಾಫ್ ರೂಮಿನಲ್ಲಿ ಅವರ ಮಾತು ಬಂದಾಗೆಲ್ಲ ಯಾರಾದರೊಬ್ಬರು "ಎಂಥಾ ಧೈರ್ಯಸ್ಥೆ, ಪಾಪ" ಅನ್ನುತ್ತಾರೆ. ನಾನು ನೋಟ್ಸ್ ಎತ್ತಿಕೊಂಡು ಹೊರಗೆ ಹೋಗುತ್ತೇನೆ. ನಾನು ಅವರಿಗೆ ಮಾಡಿದ್ದರಲ್ಲಿ ಅರ್ಧ ಮಾತ್ರ ಇವರಿಗೆಲ್ಲ ಗೊತ್ತು. ಉಳಿದರ್ಧ ಗೊತ್ತಿದ್ದ ಒಬ್ಬರೇ ಒಬ್ಬರು ಈಗ ಇಲ್ಲ.

ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಳಗೆ ಇರುವ ಸರ್ಕಾರಿ ಹೈಸ್ಕೂಲು. ನಾನು ಗಣಿತಕ್ಕೆ. ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಪಿ.ಟಿ. ಮೇಡಂ ಆ ಊರಿನವರೇ. ಊರಾಚೆ ಹಿಪ್ಪುನೇರಳೆ ತೋಟದ ಮಧ್ಯೆ ಮನೆ, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳುಮನೆ. ತಂದೆ ಬೇಗ ಹೋಗಿದ್ದರು. ತಾಯಿ ಹುಳು ಮೇಯಿಸಿಯೇ ಮಗಳನ್ನು ದೈಹಿಕ ಶಿಕ್ಷಣದ ಕಾಲೇಜಿಗೆ ಕಳಿಸಿದ್ದರು. ಮದುವೆಯ ಮಾತು ಬಂದಾಗ ಮಗಳು ಬೇಡ ಅಂದಿದ್ದರು, ತಾಯಿ ಎರಡನೇ ಸಲ ಕೇಳಿರಲಿಲ್ಲ.

ಅವರಿಗೊಂದು ವಿದ್ಯೆಯಿತ್ತು. ಯಾರ ನಡಿಗೆಯನ್ನಾದರೂ ನೋಡಿ ಅವರ ಮೈಯ ಸುದ್ದಿ ಹೇಳುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ಬರುವಾಗ ಪಕ್ಕದಲ್ಲಿ ನಿಂತ ನನಗೆ ಮೆಲ್ಲಗೆ ಹೇಳುವರು: "ಆ ಮೂರನೇ ಹುಡುಗಿ ಏನೂ ತಿಂದಿಲ್ಲ. ಅವಳ ಹಿಂದಿನೋಳು ಅಕ್ಕನ ಚಪ್ಪಲಿ ಹಾಕ್ಕೊಂಡು ಬಂದಿದಾಳೆ." ವಿಚಾರಿಸಿದರೆ ಹಾಗೇ ಇರುತ್ತಿತ್ತು. ನನಗೂ ಹೇಳಿದ್ದರು: "ಮೇಡಂ, ಮೆಟ್ಟಿಲು ಇಳಿಯುವಾಗ ನೀವು ಗೋಡೆ ಮುಟ್ತೀರ. ಎಡ ಮಂಡಿ ತೋರಿಸ್ಕೊಳಿ." ತೋರಿಸಿಕೊಂಡೆ. ಸವೆದಿತ್ತು.

ಹಾಗಾಗಿ ತಮ್ಮ ಸುದ್ದಿ ಅವರಿಗೆ ಡಾಕ್ಟರಿಗಿಂತ ಮೊದಲೇ ಗೊತ್ತಾಗಿತ್ತು.

ಒಂದು ಸಂಜೆ ಖೊಖೊ ಹೇಳಿಕೊಡುತ್ತಿದ್ದವರು ಓಡಿ ತಿರುಗುವಾಗ ಬಿದ್ದರು. ಹುಡುಗಿಯರು ನಕ್ಕರು, ಅವರೂ ನಕ್ಕರು. ಎದ್ದು ಮೈ ಕೊಡವಿಕೊಂಡು ನನ್ನ ಹತ್ತಿರ ಬಂದು ಕೂತು, "ಎಡವಿ ಬೀಳಲಿಲ್ಲ ಮೇಡಂ. ಎಡಗಾಲು ಮೇಲೇಳು ಅಂದ್ರೆ ಎದ್ದೇಳಲಿಲ್ಲ. ಒಂದು ತಿಂಗಳಿಂದ ನೋಡ್ತಿದೀನಿ, ಮಣ್ಣಲ್ಲಿ ನನ್ನ ಎಡಗಾಲಿನ ಗುರುತು ಎಳೆದಂಗೆ ಬೀಳ್ತಿದೆ" ಅಂದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಮೂರನೇ ಸಲ ಹೋದಾಗ ಡಾಕ್ಟರು ಕೂರಿಸಿ ಹೇಳಿದರು: ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕಾಲಿಂದ ಶುರುವಾಗಿದೆ, ಕೈಗೆ ಬರುತ್ತದೆ, ಕೊನೆಗೆ ಉಸಿರಿಗೆ. ಮದ್ದಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಕೈಗೆ ಬರೋಕೆ ಎಷ್ಟು ದಿನ ಸರ್?" ಹೇಳಕ್ಕಾಗಲ್ಲ ಅಂದರು ಡಾಕ್ಟರು. ವಾಪಸ್ ಬರುವ ಬಸ್ಸು ದೇವನಹಳ್ಳಿ ದಾಟಿತು. ಆಮೇಲೆ ಅವರು, "ಟೀಮ್ ಈ ವರ್ಷ ಚೆನ್ನಾಗಿದೆ ಮೇಡಂ" ಅಂದರು. ಅಷ್ಟೇ.

ವರ್ಷ ತುಂಬುವುದರಲ್ಲಿ ಊರುಗೋಲು ಬಂತು, ಆಮೇಲೆ ಗಾಲಿಕುರ್ಚಿ. ನಮ್ಮ ಮೈದಾನ ಅಂದರೆ ಮೈದಾನವಲ್ಲ, ಜಲ್ಲಿಕಲ್ಲು, ನೆಗ್ಗಿಲು ಮುಳ್ಳು. ಗಾಲಿಕುರ್ಚಿ ಅದರಲ್ಲಿ ಎರಡು ಮಾರು ಹೋಗಿ ಹೂತುಕೊಂಡಿತು. ನಾಲ್ಕು ಹುಡುಗಿಯರು ಎತ್ತಿ ಜಗಲಿಯ ಮೇಲಿಟ್ಟರು. ಮೇಡಂ ಅಲ್ಲಿಂದ ಕೂಗಿ ಆಡಿಸಲು ನೋಡಿದರು. ಎರಡು ದಿನಕ್ಕೆ ಬಿಟ್ಟರು. "ಇಲ್ಲಿಂದ ಅವರ ಪಾದ ಕಾಣಲ್ಲ ಮೇಡಂ. ಪಾದ ಕಾಣದೆ ಏನು ಹೇಳ್ಕೊಡ್ಲಿ?" ಅಂದರು.

ಆಗಲೇ ಅವರಿಗೆ ಆ ಗಾಡಿಯ ಸುದ್ದಿ ಸಿಕ್ಕಿದ್ದು. ಪೆರೇಸಂದ್ರದ ಆಚೆ ಹೈವೇ ಪಕ್ಕ ಒಂದು ಆಟದ ರೆಸಾರ್ಟ್ ಇತ್ತು. ಬೆಂಗಳೂರಿನವರು ಭಾನುವಾರ ಬಂದು ದಪ್ಪನೆಯ ನಾಲ್ಕು ಚಕ್ರಗಳ ಬೈಕುಗಳಲ್ಲಿ ಕಲ್ಲುಮಣ್ಣಿನ ಮೇಲೆ ಓಡಾಡಿ ಹೋಗುತ್ತಿದ್ದರು. ಎ.ಟಿ.ವಿ. ಅನ್ನುತ್ತಾರೆ ಅದಕ್ಕೆ. ರೆಸಾರ್ಟ್ ಮುಚ್ಚಿಹೋಗಿ ಒಂದು ಗಾಡಿ ಅಲ್ಲೇ ಬೇಲಿಯೊಳಗೆ ಕೊಳೆಯುತ್ತಿತ್ತು. ಟೊಮೆಟೊ ಸಾಗಿಸುವ ನೆಂಟರ ಟೆಂಪೋದಲ್ಲಿ, ಖಾಲಿ ಕ್ರೇಟುಗಳ ಮಧ್ಯೆ, ಅದು ಮನೆಗೆ ಬಂತು. ಸೀಟನ್ನು ಇಲಿ ತಿಂದಿತ್ತು. ಟ್ಯಾಂಕಿನೊಳಗೆ ತುಕ್ಕು ಪದರಪದರವಾಗಿ ಕೂತಿತ್ತು. ಎಂಜಿನ್ ತಿರುಗುತ್ತಿರಲಿಲ್ಲ.

ತಾಯಿ ನೋಡಿ, "ಏನಮ್ಮ ಇದು, ಕಪ್ಪೆ ಕುಂತಂಗೈತೆ" ಅಂದರು.

ಮಳೆ ಬಿಸಿಲಿಗೆ ಬಿಡದೆ ಬಿಚ್ಚಿ ಜೋಡಿಸಲು ಹುಳುಮನೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆದರೆ ಪೆಟ್ರೋಲು, ಆಯಿಲ್ಲಿನ ವಾಸನೆ ಇದ್ದ ಕಡೆ ರೇಷ್ಮೆ ಹುಳು ಬದುಕುವುದಿಲ್ಲ. ಮಗಳು ಹೇಗೆ ಕೇಳುವುದೆಂದು ತಡವರಿಸುತ್ತಿರುವಾಗ ತಾಯಿ ತಾವೇ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಹುಳು ಮೇಯಿಸುವ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಜಾಗ ಮಾಡಿಕೊಟ್ಟರು. ಮೂವತ್ತು ವರ್ಷ ಬಿಡದೆ ಮಾಡಿದ ಕೆಲಸ. "ಹುಳ ಮತ್ತೆ ತರಬೌದು. ಏಮಿ ಚೇಸೇದಿ, ಬಿಡಮ್ಮ" ಅಂದರು. ಆ ಮನೆಯಲ್ಲಿ ಕನ್ನಡದ ಜೊತೆಗೆ ತೆಲುಗು ಬೆರೆತೇ ಇರುತ್ತಿತ್ತು, ಏನು ಮಾಡೋದು ಅನ್ನುವಂಥ ಸಂಕಟದ ಮಾತು ಹೆಚ್ಚಾಗಿ ತೆಲುಗಿನಲ್ಲೇ ಬರುತ್ತಿತ್ತು.

ಭಾನುವಾರಗಳು ನನ್ನ ಪಾಲಿಗೆ ಅಲ್ಲಿಂದ ಬದಲಾದವು. ಅವರು ಮೊಬೈಲಿನಲ್ಲಿ ವೀಡಿಯೋ ನೋಡಿ ನೋಡಿ ಕಲಿತಿದ್ದರು, ನನಗೆ ಏನೂ ಗೊತ್ತಿರಲಿಲ್ಲ. ಪ್ಲಗ್ ಬಿಚ್ಚಿ ಆ ತೂತಿಗೆ ಡೀಸೆಲ್ ಸುರಿದು ಒಂದು ವಾರ ಹಾಗೇ ಬಿಟ್ಟೆವು. ಕಚ್ಚಿಕೊಂಡಿದ್ದ ಪಿಸ್ಟನ್ ಸಡಿಲವಾಯಿತು. ಟ್ಯಾಂಕಿಗೆ ತಾಯಿಯವರು ಹಿತ್ತಾಳೆ ಪಾತ್ರೆಗೆ ಮಾಡುವ ಹಾಗೆ ಹುಣಸೆ ನೀರು ತುಂಬಿ ಎರಡು ದಿನ ಇಟ್ಟರು. ತುಕ್ಕೆಲ್ಲ ಕೆಂಪು ನೀರಾಗಿ ಹೊರಬಂತು. ಕಾರ್ಬುರೇಟರಿನ ಸಣ್ಣ ತೂತುಗಳನ್ನು ಹಳೇ ಬ್ರೇಕ್ ವೈರಿನ ಒಂದೇ ಎಳೆ ತೆಗೆದು ಚುಚ್ಚಿ ಬಿಡಿಸಿದೆವು. ಬಿಚ್ಚಿದ ಬೋಲ್ಟುಗಳನ್ನು ಅವರು ನ್ಯೂಸ್ ಪೇಪರಿನ ಮೇಲೆ ಸಾಲಾಗಿ, ಒಂದರ ತಲೆ ಆ ಕಡೆ, ಮುಂದಿನದರ ತಲೆ ಈ ಕಡೆ, ಖೊಖೊದಲ್ಲಿ ಹುಡುಗಿಯರನ್ನು ಕೂರಿಸುವ ಹಾಗೇ ಇಡುತ್ತಿದ್ದರು. ನಾನು ನಕ್ಕರೆ, "ನಗಬೇಡಿ. ಒಂದು ಎದ್ದೋಗಿದ್ರೆ ತಕ್ಷಣ ಗೊತ್ತಾಗುತ್ತೆ" ಅನ್ನುವರು.

ನಾನು ಒಂದು ನಟ್ಟನ್ನು ಬಲ ಹಾಕಿ ತಿರುಗಿಸಿ ಅದರ ಮೂಲೆಗಳೆಲ್ಲ ಸವೆದು ಹೋದಾಗ ಅವರು ಬೈಯಲಿಲ್ಲ. "ಕೋಪದಲ್ಲಿ ತಿರುಗಿಸಿದ್ರಿ. ಬಸ್ಸಲ್ಲಿ ಯಾರ ಜೊತೆ ಜಗಳ ಆಡ್ಕೊಂಡು ಬಂದ್ರಿ?" ಅಂದರು. ಆಡಿಕೊಂಡೇ ಬಂದಿದ್ದೆ.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಎಂಜಿನ್ ಹೊತ್ತಿಕೊಂಡಿತು. ಬಿಳೀ ಹೊಗೆ ಹುಳುಮನೆಯನ್ನೆಲ್ಲ ತುಂಬಿ, ನಾವು ಮೂವರೂ ಕೆಮ್ಮುತ್ತಾ ನಿಂತಿದ್ದೆವು. ತಾಯಿ ಕಣ್ಣೊರೆಸಿಕೊಂಡರು. ಹೊಗೆಗೋ, ಇನ್ನೇನಕ್ಕೋ.

ಅಂಥ ಗಾಡಿಗೆ ನಂಬರ್ ಪ್ಲೇಟ್ ಸಿಗುವುದಿಲ್ಲ, ರಸ್ತೆಗೆ ತರುವ ಹಾಗಿಲ್ಲ. ಆದರೆ ಅವರ ಮನೆಯಿಂದ ಶಾಲೆಯ ಹಿಂಬದಿಗೆ ತೋಟಗಳ ಮಧ್ಯೆ ಎತ್ತಿನ ಬಂಡಿಯ ದಾರಿಯಿದೆ, ಟಾರು ಎಲ್ಲೂ ಮುಟ್ಟುವುದಿಲ್ಲ. ಮೊದಲ ದಿನ ಪ್ರಾರ್ಥನೆಗೆ ಮುಂಚೆ ಆ ಶಬ್ದ ಕೇಳಿ ಇಡೀ ಶಾಲೆ ಹಿಂಬದಿಯ ಗೋಡೆಗೆ ಓಡಿತು. ನೆಟ್ಟಗೆ ಕೂತು, ಮಂಡಿಯ ಮೇಲೆ ದುಪಟ್ಟಾ ಬಿಗಿದು ಕಟ್ಟಿಕೊಂಡು, ನೇರ ಮೈದಾನದ ಮಧ್ಯಕ್ಕೆ ಬಂದು ನಿಲ್ಲಿಸಿ ಅವರು ಎರಡು ಸಲ ಚಪ್ಪಾಳೆ ತಟ್ಟಿದರು. ಹುಡುಗಿಯರು ಕಿರುಚಿಕೊಂಡು ಓಡಿದ್ದು ಈಗಲೂ ಕಣ್ಣ ಮುಂದಿದೆ.

ಆ ಒಂದು ವರ್ಷ ಮಾತ್ರ ಎಲ್ಲ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಆರೂವರೆಗೆ ಬತ್ತಿದ ಕೆರೆಯಂಗಳದಲ್ಲಿ ಹುಡುಗಿಯರನ್ನು ಓಡಿಸುವರು. ಪಕ್ಕದಲ್ಲೇ ಗಾಡಿ, ಕಣ್ಣು ಅವರ ಪಾದದ ಮೇಲೆ. "ಹಿಮ್ಮಡಿ ಊರಬೇಡ ಕಣಮ್ಮ! ಭುಜ ಸಡಿಲ ಬಿಡು!" ಖೊಖೊ ಟೀಮು ತಾಲ್ಲೂಕು ಗೆದ್ದು, ಚಿಕ್ಕಬಳ್ಳಾಪುರದಲ್ಲಿ ಜಿಲ್ಲೆಯನ್ನೂ ಗೆದ್ದಿತು. ಫೈನಲ್ಲಿನಲ್ಲಿ ಗೌರಿಬಿದನೂರಿನ ಕಡೆಯ ಒಂದು ಟೀಮನ್ನು ಸೋಲಿಸಿದ ಮೇಲೆ ನಮ್ಮ ಹುಡುಗಿಯರು ಕಪ್ಪನ್ನು ತಂದು ಗಾಡಿಯ ಹ್ಯಾಂಡಲ್ಲಿಗೆ ಕಟ್ಟಿದರು. ಅವರು ಬಿಚ್ಚಿಸಿದರು. "ಅದು ಓಡಿದ್ದಾ, ನೀವು ಓಡಿದ್ದಾ?"

ಆ ಗಾಡಿಯನ್ನು ನೋಡಿಕೊಳ್ಳುವುದರಲ್ಲಿ ಅವರು ಯಾವುದನ್ನೂ ನಾಳೆಗೆ ಬಿಡುತ್ತಿರಲಿಲ್ಲ. ಪ್ರತಿ ಭಾನುವಾರ ಏರ್ ಫಿಲ್ಟರಿನ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಆಯಿಲ್ ಸವರಿ ಹಾಕಬೇಕು. ಚೈನು ಎರಡು ಬೆರಳು ಆಡುವಷ್ಟೇ ಸಡಿಲವಿರಬೇಕು. ಟೈರಿಗೆ ಗಾಳಿ ಜಾಸ್ತಿಯಾದರೆ ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ, ಅದಕ್ಕೇ ಸೈಕಲ್ ಪಂಪಿನಲ್ಲಿ ಹೊಡೆದು ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದರು. ಒಂದು ದಿನ ಒತ್ತಿ ನೋಡಿದರು. ಮತ್ತೆ ಒತ್ತಿದರು. "ಮೇಡಂ, ನೀವು ಒತ್ತಿ" ಅಂದರು. ನಾನು ಒತ್ತಿದಾಗ ಟೈರು ಸರಿಯಾಗೇ ಒಳಗೆ ಹೋಯಿತು. ಅವರಿಗೆ ಹೋಗಿರಲಿಲ್ಲ. ಕಾಯಿಲೆ ಕೈಗೆ ಬಂದಿದ್ದು ನಮಗೆ ಹಾಗೆ ಗೊತ್ತಾಯಿತು.

ಅಲ್ಲಿಂದ ಅವರು ಗಾಡಿಯನ್ನು ತಮ್ಮ ಮೈಗೆ ತಕ್ಕ ಹಾಗೆ ಬದಲಾಯಿಸಲು ಶುರು ಮಾಡಿದರು. ಗೇರು ಎಡಗಾಲಿನಲ್ಲಿ ಹಾಕುವಂಥದು; ಆ ಕಾಲು ಮೊದಲೇ ಸೋತಿದ್ದರಿಂದ ಅದುವರೆಗೆ ಒಂದೇ ಗೇರಿನಲ್ಲಿ ಓಡಿಸುತ್ತಿದ್ದರು, ಈಗ ಅದಕ್ಕೊಂದು ಕಬ್ಬಿಣದ ಸಲಾಕೆ ಜೋಡಿಸಿ ಕೈಯಲ್ಲಿ ಎಳೆಯುವಂತೆ ಮಾಡಿಸಿದರು. ಮಾಡಿಕೊಟ್ಟವರು ಮುರುಗಮಲ್ಲದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅಮ್ಜದಣ್ಣ, ಗಾಡಿ ಇರುವಲ್ಲಿಗೇ ಸಾಮಾನು ಹೊತ್ತು ತಂದು ಮಾಡುತ್ತಿದ್ದರು. ಆಮೇಲೆ ಬೆನ್ನು ನಿಲ್ಲದಾದಾಗ ಹಳೇ ಕಾರಿನ ಸೀಟು ಕೂರಿಸಿದರು, ಎದೆಗೊಂದು ಬೆಲ್ಟು. ಸೀಟು ಎತ್ತರವಾಗಿ ಗಾಡಿ ವಾಲಬಾರದೆಂದು ಹಿಂದಿನ ಚಕ್ರಗಳನ್ನು ಇನ್ನಷ್ಟು ಅಗಲಕ್ಕೆ ಸರಿಸಿದರು. ಸಲಾಕೆ ಎಂಟು ತಿಂಗಳು ನಡೆಯಿತು. ಸೀಟು ಐದು ತಿಂಗಳು. ಬ್ರೇಕಿಗೆ ಹಾಕಿದ ಉದ್ದ ಹಿಡಿಕೆ ಆರೇ ವಾರ. ಒಂದು ಕೆಲಸ ಮುಗಿಸಿ ಸ್ಪ್ಯಾನರ್ ಕೆಳಗಿಡುವ ಹೊತ್ತಿಗೆ ಮೈಯಲ್ಲಿ ಇನ್ನೊಂದು ಕೈಕೊಟ್ಟಿರುತ್ತಿತ್ತು. ಒಮ್ಮೆ ಗ್ರೀಸ್ ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಹೇಳಿದರು: "ಗಾಡಿ ವರ್ಷಕ್ಕೊಂದು ಸಲ ಕೆಡ್ತಾ ಇತ್ತು ಮೇಡಂ. ಈಗ ನಾನು ವಾರಕ್ಕೊಂದು ಸಲ ಕೆಡ್ತಿದೀನಿ. ಅದನ್ನ ನನಗೆ ಎಷ್ಟು ಅಂತ ಹೊಂದಿಸ್ಲಿ?"

ನಾನು ಚೈನಿಗೆ ಆಯಿಲ್ ಬಿಡುತ್ತಾ ಕೂತೆ.

ಕೊನೆಗೆ ಉಳಿದಿದ್ದು ಬಲಗೈ ಹೆಬ್ಬೆರಳು. ಹ್ಯಾಂಡಲ್ಲನ್ನು ತೋಳಿನ ಭಾರದಿಂದಲೇ ತಿರುಗಿಸುತ್ತಿದ್ದರು, ಬ್ರೇಕ್ ಹಿಡಿಯಲಾಗದೆ ಬೆರಳು ತೆಗೆದೇ ಗಾಡಿ ನಿಲ್ಲಿಸುತ್ತಿದ್ದರು. ಅಂಥ ಗಾಡಿಗಳಲ್ಲಿ ವೇಗ ಕೊಡುವುದು ಹೆಬ್ಬೆರಳಿಂದ ಒತ್ತುವ ಸಣ್ಣ ಹಿಡಿಕೆಯಲ್ಲಿ. ಒಳಗೆ ಒಂದು ಗಟ್ಟಿ ಸ್ಪ್ರಿಂಗ್ ಇರುತ್ತದೆ. ಬೆರಳು ತೆಗೆದ ತಕ್ಷಣ ಅದು ಹಿಡಿಕೆಯನ್ನು ವಾಪಸ್ ಎಳೆದು ಗಾಡಿಯನ್ನು ನಿಧಾನ ಮಾಡುತ್ತದೆ. ಅವರ ಹೆಬ್ಬೆರಳಿಗೆ ಆ ಸ್ಪ್ರಿಂಗನ್ನು ಅದುಮುವ ಶಕ್ತಿ ಹೋಗುತ್ತಿತ್ತು. ಮೆತ್ತನೆಯದು ಹಾಕೋಣ ಅಂದರು. ಅಮ್ಜದಣ್ಣ ಕೈ ಮುಗಿದರು. "ಬೇಡ ಟೀಚರಮ್ಮ. ಮೆತ್ತಗಿರೋದು ಒತ್ತೋಕೆ ಸುಲಭ, ವಾಪಸ್ ಬರೋಕೆ ಕಷ್ಟ. ನಾನು ಹಾಕಲ್ಲ."

ಅವರು ಅಮ್ಜದಣ್ಣನನ್ನು ಬಲವಂತ ಮಾಡಲಿಲ್ಲ. ಆ ಭಾನುವಾರ ನನ್ನ ಕಡೆ ತಿರುಗಿದರು. ಅವರ ಬೆರಳುಗಳಿಂದ ಅಷ್ಟು ಸಣ್ಣ ಕೆಲಸ ಆಗುತ್ತಿರಲಿಲ್ಲ. "ಜಿಲ್ಲೆಗೆ ಇನ್ನು ಎರಡೇ ತಿಂಗಳಿದೆ. ಅಷ್ಟು ದಿನ ಸಾಕು ಮೇಡಂ." ಅಮ್ಜದಣ್ಣ ಹೇಳಿದ್ದು ನಾನೂ ಕೇಳಿಸಿಕೊಂಡಿದ್ದೆ. ಆದರೂ ಬೇಡ ಅನ್ನಲು ಬಾಯಿ ಬರಲಿಲ್ಲ. ಹಳೇ ಗಟ್ಟಿ ಸ್ಪ್ರಿಂಗ್ ತೆಗೆದೆ. ಸೈಕಲ್ ಅಂಗಡಿಯಿಂದ ತಂದ ಮೆತ್ತನೆಯ ಸ್ಪ್ರಿಂಗನ್ನು ನನ್ನ ಕೈಯಾರೆ ಹಾಕಿದೆ. ಅವರು ಒತ್ತಿ ನೋಡಿದರು. ಹಿಡಿಕೆ ಸಲೀಸಾಗಿ ಹೋಯಿತು. ಎಷ್ಟೋ ವಾರದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ಹದಿನೆಂಟು ದಿನ ಏನೂ ಆಗಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ನಾನು ಬೇಗ ಬಂದಿದ್ದೆ, ಮೈದಾನದ ಅಂಚಿನಲ್ಲಿ ನಿಂತಿದ್ದೆ. ಹುಡುಗಿಯರು ಖೊಖೊ ಸಾಲಿನಲ್ಲಿ ಕೂತಿದ್ದರು. ಮೇಡಂ ಗಾಡಿಯಲ್ಲಿ ದೂರದಿಂದ ಸುತ್ತಿಕೊಂಡು ಬಂದರು. ಸಾಲಿನ ಹತ್ತಿರ ನಿಧಾನವಾಗಬೇಕಿತ್ತು. ಆಗಲಿಲ್ಲ. ಅವರ ಬೆರಳು ಹಿಡಿಕೆಯಿಂದ ಜಾರಿ ಕೆಳಗೆ ಬಿದ್ದಿದ್ದು ನನಗೆ ಕಾಣಿಸಿತು. ಹಿಡಿಕೆ ಮಾತ್ರ ವಾಪಸ್ ಬರಲಿಲ್ಲ. ಗಾಡಿಯನ್ನು ಆರಿಸುವ ಒಂದು ದಾರ ಮಣಿಕಟ್ಟಿಗೆ ಕಟ್ಟಿತ್ತು. ಅದನ್ನು ಕೀಳಲು ಕೈ ಎತ್ತಬೇಕು. ಕೈ ಏಳಲಿಲ್ಲ. "ಏಳ್ರೋ! ಏಳ್ರೋ!" ಅಂತ ಅವರು ಕೂಗಿದ ದನಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹುಡುಗಿಯರು ಎರಡೂ ಕಡೆಗೆ ಹಾರಿದರು. ಗಾಡಿ ಸಾಲಿನ ಮಧ್ಯೆ ನುಗ್ಗಿ ಹೋಗಿ ಹೊಂಗೆ ಮರದ ಬುಡದ ಮಣ್ಣಿಗೆ ಹೊಡೆದು ಆರಿತು. ಯಾರಿಗೂ ಏನೂ ಆಗಲಿಲ್ಲ. ಬೆಲ್ಟಿನಿಂದಾಗಿ ಅವರಿಗೂ ಆಗಲಿಲ್ಲ. ನಾನು ಓಡಿಹೋದಾಗ ಅವರು ಹಿಂದೆ ತಿರುಗಿ ನೋಡಲಾಗದೆ, ನೇರ ಮರವನ್ನೇ ನೋಡುತ್ತಾ ಕೇಳುತ್ತಿದ್ದರು: "ಎಷ್ಟು ಜನ ಇದಾರೆ ಎಣಿಸಿ ಮೇಡಂ. ಎಣಿಸಿ." ಎಣಿಸಿದೆ. ಎಲ್ಲರೂ ಇದ್ದರು.

ಊರಲ್ಲಿ ಮಾತು ಹಬ್ಬಿತು. ಹೆಡ್ಮಾಸ್ಟರು ಹುಡುಗಿಯರನ್ನು ಕರೆದು ವಿಚಾರಿಸಿದರು. ಅಷ್ಟೂ ಜನ ಒಂದೇ ಮಾತು: "ಏನೂ ಆಗಿಲ್ಲ ಸರ್. ನಾವೇ ಆಟ ಆಡ್ತಾ ಓಡಿದ್ವಿ." ಹೆಡ್ಮಾಸ್ಟರು ಕೆಟ್ಟವರಲ್ಲ. ನನ್ನನ್ನು ಒಳಗೆ ಕರೆದು ಕೂರಿಸಿ, "ನೋಡಿ, ನೀವು ಕಣ್ಣಾರೆ ನೋಡಿದೀರ. ನಾಳೆ ಯಾವುದಾದ್ರೂ ಮಗೂಗೆ ಏನಾದ್ರೂ ಆದ್ರೆ ನಾನೂ ನೀವೂ ಉತ್ತರ ಹೇಳಬೇಕು. ಕಂಡಿದ್ದನ್ನ ಕಂಡಂಗೆ ಬರೆದುಕೊಡಿ" ಅಂದರು.

ಬರೆದುಕೊಟ್ಟೆ. ಒಂದು ಪುಟ. ಬೆರಳು ತೆಗೆದ ಮೇಲೂ ಗಾಡಿ ನಿಲ್ಲಲಿಲ್ಲ, ಆರಿಸುವ ದಾರವನ್ನು ಕೀಳಲು ಅವರಿಗೆ ಶಕ್ತಿಯಿರಲಿಲ್ಲ, ಮಕ್ಕಳ ನಡುವೆ ಆ ಗಾಡಿ ಓಡಿಸುವುದು ಅಪಾಯ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಗಟ್ಟಿ ಸ್ಪ್ರಿಂಗ್ ತೆಗೆದು ಮೆತ್ತನೆಯದು ಹಾಕಿದ್ದು ಯಾರು ಎಂಬುದನ್ನು ಮಾತ್ರ ಬರೆಯಲಿಲ್ಲ. ಪೆನ್ನು ಆ ಸಾಲಿಗೆ ಬಂದು ನಿಂತಿತ್ತು. ಮುಚ್ಚಳ ಹಾಕಿ ಸಹಿ ಮಾಡಿಬಿಟ್ಟೆ. ಅವರಿಗೂ ಹೇಳಲಿಲ್ಲ.

ಎರಡು ವಾರದಲ್ಲಿ ಆದೇಶ ಬಂತು. ಶಾಲೆಯ ಆವರಣದೊಳಗೆ ಗಾಡಿ ತರುವ ಹಾಗಿಲ್ಲ, ಪಿ.ಟಿ. ಮೇಡಂ ಇನ್ನು ಲೈಬ್ರರಿ ನೋಡಿಕೊಳ್ಳಬೇಕು. ನಮ್ಮ ಲೈಬ್ರರಿ ಅಂದರೆ ಎರಡು ಕಬ್ಬಿಣದ ಬೀರು, ಮೈದಾನಕ್ಕೆ ಬೆನ್ನು ಮಾಡಿದ ಒಂದು ಕೋಣೆ. ಆ ವರ್ಷ ಟೀಮು ಜಿಲ್ಲೆಯಲ್ಲಿ ಮೊದಲ ಆಟದಲ್ಲೇ ಸೋತು ಬಂತು. ಹುಡುಗಿಯರು ನೇರ ಲೈಬ್ರರಿಗೆ ಹೋಗಿ ಅವರ ಸುತ್ತ ನೆಲದ ಮೇಲೆ ಕೂತು ಅತ್ತರು. ನಾನು ಬಾಗಿಲಿಂದಲೇ ವಾಪಸಾದೆ.

ಆದರೂ ಭಾನುವಾರ ಬರಲು ಅವರು ಹೇಳಿಕಳಿಸುತ್ತಿದ್ದರು, ನಾನು ಹೋಗುತ್ತಿದ್ದೆ. ಎಲ್ಲಿಗೂ ಹೋಗದ ಗಾಡಿಗೆ ಆಯಿಲ್ ಬದಲಾಯಿಸಿದೆವು. ಓಡದ ಚೈನಿಗೆ ಎಣ್ಣೆ ಬಿಟ್ಟೆವು. ಧೂಳೇ ಕುಡಿಯದ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆವು. ಅವರು ಗಾಲಿಕುರ್ಚಿಯಿಂದ, ಆಮೇಲೆ ಹುಳುಮನೆಗೇ ತಂದು ಹಾಕಿದ ಮಂಚದಿಂದ ಹೇಳುವರು, ನಾನು ಮಾಡುವುದು. ಆ ಎರಡು ವರ್ಷದಲ್ಲಿ ಆದೇಶದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರಿಗೆ ಗೊತ್ತಿಲ್ಲ ಅಂತ ನಾನು ನನಗೆ ಹೇಳಿಕೊಂಡಿದ್ದೆ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ಮಾತು ಕೂಡ ನಿಧಾನವಾಗಿ, ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುವ ಹಾಗಾದಾಗ, ಅವರು ಅಂದರು: "ನಾನು ಹಾಕ್ಸಿದ್ದೆಲ್ಲ... ತೆಗೆದುಬಿಡಿ. ಬಂದಾಗ ಹೆಂಗಿತ್ತೋ... ಹಂಗೆ ಮಾಡಿ."

"ಯಾಕೆ ಮೇಡಂ?"

"ಕೈಕಾಲು ಇರೋರು... ಯಾರಾದ್ರೂ... ಓಡಿಸ್ಲಿ."

ಮೂರು ಭಾನುವಾರ ಹಿಡಿಯಿತು. ಎದೆಯ ಬೆಲ್ಟು ಬಿಚ್ಚಿದೆ. ಕಾರಿನ ಸೀಟು ಇಳಿಸಲು, ಸಲಾಕೆ ಕತ್ತರಿಸಲು ಅಮ್ಜದಣ್ಣ ಬಂದರು. ಕೆಲಸ ಮುಗಿಸಿ, ಹೊರಗೆ ಹೋಗಿ ತೊಟ್ಟಿಯ ಹತ್ತಿರ ತುಂಬಾ ಹೊತ್ತು ಮುಖ ತೊಳೆದುಕೊಂಡರು. ಮೂರನೇ ಭಾನುವಾರ ಉಳಿದಿದ್ದು ಸ್ಪ್ರಿಂಗ್ ಒಂದೇ. ಹಳೆಯದನ್ನು ಅವರು ಒಂದು ಮಾತ್ರೆಯ ಡಬ್ಬಿಯಲ್ಲಿ ಎತ್ತಿಡಿಸಿದ್ದರು. ತಾಯಿ ತಂದುಕೊಟ್ಟು ಅಡಿಗೆಮನೆಗೆ ಹೋದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಹಿಡಿಕೆ ಬಿಚ್ಚುತ್ತಿದ್ದೆ.

"ನಿಮ್ಮ ಅಕ್ಷರ... ಚೆನ್ನಾಗಿದೆ ಮೇಡಂ," ಅಂದರು.

ನಾನು ಸ್ಪ್ಯಾನರ್ ಕೆಳಗಿಟ್ಟೆ.

"ಆದೇಶದ ಜೊತೆ... ಕಾಪಿ ಬಂದಿತ್ತು. ಎಲ್ಲಾ ಸರಿಯಾಗೇ ಬರ್ದಿದ್ರಿ." ಉಸಿರು ಎಳೆದುಕೊಂಡರು. "ಸ್ಪ್ರಿಂಗ್ ಹಾಕಿದ್ದು ಯಾರು ಅಂತ... ಒಂದೇ ಬಿಟ್ಟಿದ್ರಿ."

ಎರಡು ವರ್ಷ. ನೂರು ಭಾನುವಾರ. ಅಷ್ಟೂ ದಿನ ಅವರಿಗೆ ಗೊತ್ತಿತ್ತು, ಅಷ್ಟೂ ದಿನ ನನ್ನ ಕೈಯಲ್ಲೇ ಕೆಲಸ ಮಾಡಿಸಿದ್ದರು. ಕ್ಷಮಿಸಿ ಅನ್ನಬೇಕಿತ್ತು. ಅದರ ಬದಲು ನಾನು, "ಮಕ್ಕಳಿಗೆ ಏನಾದ್ರೂ ಆಗ್ತಿತ್ತು ಮೇಡಂ" ಅಂದೆ.

"ಹೌದು. ಅದಕ್ಕೇ." ಮತ್ತೆ ಉಸಿರು ಎಳೆದುಕೊಂಡು ಅಂದರು: "ನನ್ನನ್ನ ಒಂದು ಮಾತು... ಕೇಳಿದ್ರೆ... ನಾನೇ ಬರೆದುಕೊಡ್ತಿದ್ದೆ. ಅವತ್ತು ಸಂಜೇನೇ... ಬರೆಸಬೇಕು ಅಂತಿದ್ದೆ. ನಿಮ್ಮ ಕೈಲೇ."

ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮೈದಾನವನ್ನು ತಾವಾಗಿ ಬಿಟ್ಟು ಬರುವುದೊಂದು ಅವರ ಪಾಲಿಗೆ ಉಳಿದಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ. ನನ್ನ ಕಣ್ಣೀರು ಗ್ರೀಸಿನ ಮೇಲೆ ಬಿತ್ತು. ಅವರು ನೋಡಿದರೋ ಇಲ್ಲವೋ. "ಹಾಕಿ ಮೇಡಂ. ಹೊತ್ತಾಗುತ್ತೆ, ಬಸ್ಸು" ಅಂದರು. ಹಾಕಿದೆ. "ಒತ್ತಿ ಬಿಡಿ" ಅಂದರು. ಒತ್ತಿ ಬಿಟ್ಟೆ. ಹಿಡಿಕೆ ಟಕ್ ಅಂತ ವಾಪಸ್ ಬಂತು. ಆ ಶಬ್ದ ಕೇಳಿ ಅವರು ಕಣ್ಣು ಮುಚ್ಚಿದರು.

ಅದಾದ ಮೇಲೆ ಅವರು ಮಾತಾಡಿದ್ದು ಕಡಿಮೆ. ನಾನು ಹೋಗಿ ಕೂತು ಬರುತ್ತಿದ್ದೆ. ಒಂದು ಮಧ್ಯಾಹ್ನ ತಾಯಿ ಗಂಜಿ ಆರಿಸುತ್ತಿರುವಾಗ ಉಸಿರು ನಿಂತಿತು.

ಗಾಡಿಯನ್ನು ಯಾರೂ ಕೇಳಿ ಬರಲಿಲ್ಲ. ಕೊನೆಗೆ ಅಮ್ಜದಣ್ಣ ತಗೊಂಡು ಹೋದರು. ಏನು ಮಾಡಿದರೆಂದು ನಾನು ಕೇಳಿಲ್ಲ. ತಾಯಿ ಹುಳುಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಎರಡು ಸಲ ತೊಳೆಸಿ, ಸುಣ್ಣ ಹೊಡೆಸಿ, ಮತ್ತೆ ಹುಳು ತಂದರು. ಅವು ಪೊರೆ ಬಿಡುವ ಮೂರನೇ ಜ್ವರ ಎದ್ದು ಸೊಪ್ಪು ಮುಟ್ಟದೆ, ಒಂದೂ ಹಣ್ಣಾಗಿ ಗೂಡು ಕಟ್ಟದೆ ಸತ್ತವು. ಹೋದ ತಿಂಗಳು ನೋಡಲು ಹೋದಾಗ ಖಾಲಿ ತಟ್ಟೆಗಳ ನಡುವೆ ಕೂತಿದ್ದರು. "ನೆಲ ಎಣ್ಣೆ ಕುಡಿದ್ಬಿಟ್ಟೈತೆ ಕಣಮ್ಮ. ಎಷ್ಟು ತೊಳೆದ್ರೂ ಹೋಗಲ್ಲ" ಅಂದರು. ಆ ಎಣ್ಣೆಯಲ್ಲಿ ನನ್ನದೂ ಪಾಲಿದೆ ಎಂದು ಹೇಳಲಿಲ್ಲ. ಹೇಳದೇ ಇರುವುದು ನನಗೀಗ ಅಭ್ಯಾಸವಾಗಿದೆ.

ಪಿ.ಟಿ. ಹುದ್ದೆಗೆ ಇನ್ನೂ ಯಾರೂ ಬಂದಿಲ್ಲ, ಬರುವ ಸುದ್ದಿಯೂ ಇಲ್ಲ. ಒಂಬತ್ತನೇ ಕ್ಲಾಸಿನ ಆಟದ ಪೀರಿಯಡ್ಡನ್ನು ಹೆಡ್ಮಾಸ್ಟರು ನನಗೆ ಕೊಟ್ಟಿದ್ದಾರೆ, ಗುರುವಾರ ಕೊನೆಯದು. ಹೋದ ವಾರ ನಾನು ಒಳಗೆ ಕಾಲಿಟ್ಟಾಗ ಹುಡುಗಿಯರು ಎದ್ದು ನಿಂತರು. ಹಿಂದಿನ ಬೆಂಚಿನ ಒಬ್ಬಳು, ಪಿ.ಟಿ. ಮೇಡಂ ಅವರನ್ನು ನೋಡಿದವಳೇ ಅಲ್ಲ, ಕೇಳಿದಳು: "ಮಿಸ್, ಇವತ್ತಾದ್ರೂ ಹೊರಗೆ ಬಿಡ್ತೀರಾ ಮಿಸ್?"

"ಹೊರಗೆ ನಿಮ್ಮನ್ನ ನೋಡ್ಕೊಳ್ಳೋರು ಯಾರಮ್ಮ?" ಅಂದೆ. "ಕೂತ್ಕೊಳಿ. ಲೆಕ್ಕದ ಬುಕ್ಕು ತೆಗೀರಿ."

ಅವರು ಕೂತರು. ಬುಕ್ಕು ತೆಗೆದರು.